ರಸ್ತೆಗೆ ಬಿದ್ದ ಬೀಜ

ಜೂನ್ ತಿಂಗಳ ಎರಡನೆಯ ವಾರ, ಮಳೆ ಇನ್ನೂ ಪೂರ್ತಿ ಹಿಡಿದುಕೊಳ್ಳದ ಒಂದು ಬೆಳಿಗ್ಗೆ, ಭಾಗಮಂಡಲದ ಕಡೆಗೆ ಹೋಗುವ ದಾರಿಯಿಂದ ಕವಲೊಡೆದ ಕಿರುರಸ್ತೆಯೊಂದರಲ್ಲಿ ನಾವು ಐದು ಜನ ಬಗ್ಗಿ ಬೀಜ ಹೆಕ್ಕುತ್ತಿದ್ದೆವು. ರಸ್ತೆಯ ಎಡಬದಿಗೆ ದೇವರಕಾಡು. ಅದರ ಅಂಚಿನಲ್ಲಿರುವ ಹಳೆಯ ಸಾಲುಧೂಪದ ಮರವೊಂದು ತನ್ನ ಅರ್ಧ ಕೊಂಬೆಗಳನ್ನು ರಸ್ತೆಯ ಮೇಲಕ್ಕೆ ಚಾಚಿಕೊಂಡಿದೆ. ಹಿಂದಿನ ರಾತ್ರಿಯ ಗಾಳಿಗೆ ಉದುರಿದ ಕಾಯಿಗಳು ಡಾಂಬರಿನ ಮೇಲೆಲ್ಲ ಹರಡಿದ್ದವು. ಕೋಳಿಮೊಟ್ಟೆಗಿಂತ ತುಸು ಸಣ್ಣದಾದ, ಕಂದು ಸಿಪ್ಪೆಯ ಆ ಕಾಯಿ ಬಿದ್ದ ಕೆಲವೇ ದಿನಗಳಲ್ಲಿ ಮೂರು ಹೋಳಾಗಿ ಬಿರಿಯುತ್ತದೆ, ಒಳಗಿನಿಂದ ದಪ್ಪನೆಯ ಬೇರು ಹೊರಗೆ ಇಣುಕುತ್ತದೆ. ಎಷ್ಟೋ ಕಾಯಿಗಳು ಜೀಪುಗಳ ಚಕ್ರಕ್ಕೆ ಸಿಕ್ಕಿ ಜಜ್ಜಿಹೋಗಿದ್ದವು. ಒಂದೆರಡು ಮಾತ್ರ ಡಾಂಬರಿನ ಮೇಲೆಯೇ ಬೇರೊಡೆದು, ಇಳಿಯಲು ಮಣ್ಣು ಸಿಗದೆ, ಬೇರಿನ ತುದಿಯನ್ನು ರಸ್ತೆಯ ಅಂಚಿನತ್ತ ಬಾಗಿಸಿಕೊಂಡು ಮಲಗಿದ್ದವು. ಅಂಥದೊಂದನ್ನು ಎತ್ತಿ ಒದ್ದೆ ಗೋಣಿಚೀಲದ ಮೇಲೆ ಇಡುವಾಗ ಅದರ ಬೇರು ನನ್ನ ಹೆಬ್ಬೆರಳಿಗೆ ತಾಗಿದ ತಣ್ಣನೆಯ ಅನುಭವ ಈಗಲೂ ಹಾಗೆಯೇ ಇದೆ.

ಕಾಡಿನ ಒಳಕ್ಕೆ ನಾವು ಕಾಲಿಡಲಿಲ್ಲ. ಕೊಡಗಿನಲ್ಲಿ 1200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅವುಗಳಲ್ಲಿ ಕೆಲವು ಎಕರೆಗಟ್ಟಲೆ ಹಬ್ಬಿವೆ, ಕೆಲವು ನಾಲ್ಕಾರು ಮರಗಳಷ್ಟಕ್ಕೆ ಕುಗ್ಗಿವೆ. ಅಲ್ಲಿಂದ ಒಣಗಿದ ಕಡ್ಡಿಯನ್ನೂ ಮನೆಗೆ ಒಯ್ಯಬಾರದೆಂಬ ಕಟ್ಟುಪಾಡು ಹಲವು ಊರುಗಳಲ್ಲಿ ಇನ್ನೂ ಜೀವಂತವಾಗಿದೆ. ಮೊದಲ ಬಾರಿ ಬೀಜ ಕೇಳಿಕೊಂಡು ಹೋದಾಗ ಆ ಊರಿನ ಮುಖ್ಯಸ್ಥರಾದ ತಕ್ಕರು ನಮ್ಮ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿ, ಒಳಗಿರುವುದು ದೇವರಿಗೆ ಸೇರಿದ್ದು, ಅದನ್ನು ಕೊಡುವ ಅಧಿಕಾರ ತಮಗಿಲ್ಲ, ಆದರೆ ರಸ್ತೆಗೆ ಬಿದ್ದದ್ದು ಹೇಗೂ ಗಾಡಿಯ ಚಕ್ರಕ್ಕೆ ಹೋಗುವಂಥದ್ದು, ಅದನ್ನು ಹೆಕ್ಕಿಕೊಳ್ಳಬಹುದು ಎಂದರು. ಆ ಮಾತು ನಮಗೆ ಗೆರೆ ಎಳೆದುಕೊಟ್ಟಿತು. ಅಂದಿನಿಂದ ಇಂದಿನವರೆಗೆ ನಮ್ಮ ಉದ್ಯಾನಕ್ಕೆ ಬಂದ ಧೂಪದ ಬೀಜವೆಲ್ಲ ರಸ್ತೆಗೆ ಬಿದ್ದದ್ದೇ.

ನಮ್ಮ ಉದ್ಯಾನ ಎಂದೆನಲ್ಲ, ಅದು ಮಡಿಕೇರಿಯ ಒಂದು ಬಡಾವಣೆಯ ಕೊನೆಯಲ್ಲಿರುವ, ಅರ್ಧ ಎಕರೆಗೂ ಕಡಿಮೆ ಇರುವ ಇಳಿಜಾರು ಜಾಗ. ರಾಜಾಸೀಟಿನಂತೆ ಸೂರ್ಯಾಸ್ತ ನೋಡಲು ದೂರದ ಊರುಗಳಿಂದ ಜನ ಬರುವ ಸ್ಥಳವಲ್ಲ. ಸಂಜೆ ನಾಲ್ಕು ಜನ ಹಿರಿಯರು ಕುಳಿತು ಮಾತಾಡುತ್ತಾರೆ, ಮಕ್ಕಳು ಜಾರುಬಂಡೆಯ ಸುತ್ತ ಓಡುತ್ತಾರೆ, ಅಷ್ಟೆ. ನಾವು ಕೈಹಾಕುವಾಗ ಅಲ್ಲಿ ಎರಡು ಸಿಲ್ವರ್ ಓಕ್, ಒಂದು ಗುಲ್‌ಮೊಹರ್, ಒಂದು ಬಾಟಲ್ ಬ್ರಷ್, ಸುತ್ತ ಡ್ಯುರಾಂಟಾ ಬೇಲಿ, ನಡುವೆ ಹುಲ್ಲುಹಾಸು ಇದ್ದವು. ಸಿಲ್ವರ್ ಓಕ್ ಮತ್ತು ಬಾಟಲ್ ಬ್ರಷ್ ಆಸ್ಟ್ರೇಲಿಯಾದವು, ಗುಲ್‌ಮೊಹರ್ ಮಡಗಾಸ್ಕರಿನದು, ಡ್ಯುರಾಂಟಾ ಅಮೆರಿಕಾ ಖಂಡದ್ದು. ಪಶ್ಚಿಮಘಟ್ಟದ ಮಡಿಲಲ್ಲಿ, 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ತಲಕಾವೇರಿ, ಬ್ರಹ್ಮಗಿರಿ, ಪುಷ್ಪಗಿರಿ ಅಭಯಾರಣ್ಯಗಳಿರುವ ಜಿಲ್ಲೆಯಲ್ಲಿ, ಮಕ್ಕಳು ಆಡುವ ಜಾಗದಲ್ಲಿ ಈ ಮಣ್ಣಿನ ಮರ ಒಂದೂ ಇರಲಿಲ್ಲ.

ಇದನ್ನು ಹೇಳುವಾಗ ನಾನು ಎಚ್ಚರಿಕೆಯಿಂದ ಇರಬೇಕೆಂದು ನನಗೆ ಗೊತ್ತಿದೆ. ಕೊಡಗಿನ ಬದುಕು ನಿಂತಿರುವುದೇ ಆಫ್ರಿಕಾದಿಂದ ಬಂದ ಕಾಫಿಯ ಮೇಲೆ. ನಮ್ಮ ತಂದೆ ತಮ್ಮ ಪುಟ್ಟ ತೋಟದಲ್ಲಿ ಸಿಲ್ವರ್ ಓಕ್ ನೆಟ್ಟದ್ದು ಕಾಡಿನ ಮೇಲಿನ ದ್ವೇಷದಿಂದಲ್ಲ. ಅದು ನೇರವಾಗಿ, ಬೇಗನೆ ಬೆಳೆಯುತ್ತದೆ, ಕರಿಮೆಣಸಿನ ಬಳ್ಳಿಗೆ ಒಳ್ಳೆಯ ಆಸರೆ, ಕಷ್ಟಕಾಲಕ್ಕೆ ಕಡಿದು ಮಾರಲು ಅನುಮತಿಯ ತಾಪತ್ರಯ ಕಡಿಮೆ. ಬೀಟೆ, ಹೊನ್ನೆ, ನಂದಿಯಂಥ ಮರಗಳಾದರೆ ಬೆಳೆಯಲು ಒಂದು ಆಯುಷ್ಯ ಬೇಕು, ಬೆಳೆದ ಮೇಲೂ ಬಾಣೆ ಜಮೀನಿನಲ್ಲಿ, ಅಂದರೆ ಗದ್ದೆಗೆ ಸೇರಿಕೊಂಡ ಮರಗಾಡಿನ ಭೂಮಿಯಲ್ಲಿ, ಅದರ ಮೇಲಿನ ಹಕ್ಕು ಯಾರದೆಂಬ ಪ್ರಶ್ನೆಗೆ ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಹಾಗಿರುವಾಗ ಬೆಳೆಗಾರ ಯಾವುದನ್ನು ನೆಡುತ್ತಾನೆ ಎಂಬುದು ಊಹಿಸಲು ಕಷ್ಟವಲ್ಲ. ಆದ್ದರಿಂದಲೇ ಉದ್ಯಾನದ ಜಾಗ ನನಗೆ ಮುಖ್ಯವೆನಿಸಿತು. ಅಲ್ಲಿ ಮರದಿಂದ ಯಾರೂ ಲಾಭ ನಿರೀಕ್ಷಿಸುವುದಿಲ್ಲ, ಯಾರೂ ಅದನ್ನು ಕಡಿದು ಮಗಳ ಮದುವೆ ಮಾಡಬೇಕಾಗಿಲ್ಲ. ನಿಧಾನವಾಗಿ ಬೆಳೆಯುವ ಮರಕ್ಕೆ ಇಷ್ಟು ಸುರಕ್ಷಿತವಾದ ಜಾಗ ಪೇಟೆಯಲ್ಲಿ ಬೇರೆಲ್ಲಿ ಸಿಗುತ್ತದೆ?

ನಾವು ಈ ಕೆಲಸ ಆರಂಭಿಸಿದ್ದು 2018ರ ಆಗಸ್ಟಿನ ನಂತರ. ಆ ತಿಂಗಳ ಮಧ್ಯದಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡಗಳು ಜರಿದು ಬಿದ್ದವು. ಮಡಿಕೇರಿಯ ಪರಿಹಾರ ಕೇಂದ್ರವೊಂದರಲ್ಲಿ ಚಾಪೆ, ಹೊದಿಕೆ ಹಂಚುತ್ತಿದ್ದ ನಾವು ಕೆಲವರು, ಎಲ್ಲ ಮುಗಿದ ಮೇಲೂ ಭಾನುವಾರಗಳಲ್ಲಿ ಸೇರುವುದನ್ನು ಬಿಡಲಾಗದೆ ಗಿಡ ನೆಡುವ ಕೆಲಸಕ್ಕೆ ಇಳಿದೆವು. ಮರ ನೆಟ್ಟರೆ ಗುಡ್ಡ ಕುಸಿಯುವುದಿಲ್ಲವೆಂದು ಆಗ ನಾನೂ ನಂಬಿದ್ದೆ. ಈಗ ಹಾಗೆ ಹೇಳಲಾರೆ. ದಟ್ಟ ಕಾಡಿದ್ದ ಇಳಿಜಾರುಗಳೂ ಆ ವರ್ಷ ಜಾರಿದವು. 2020ರಲ್ಲಿ ತಲಕಾವೇರಿಯ ಬಳಿ ಗಜಗಿರಿ ಬೆಟ್ಟವೂ ಕುಸಿಯಿತು. ರಸ್ತೆಗೆ, ಮನೆಗೆ, ವಸತಿಗೃಹಕ್ಕೆ ಇಳಿಜಾರಿನ ಬುಡ ಕಡಿದು ನೀರಿನ ದಾರಿ ತಪ್ಪಿಸಿದ ಮೇಲೆ ಮರದ ಬೇರೊಂದೇ ಅದನ್ನು ಹಿಡಿದಿಡಬೇಕೆಂದು ಕೇಳುವುದು ನ್ಯಾಯವಲ್ಲ. ಗಿಡ ನೆಡುವುದಕ್ಕೆ ನನಗಿರುವ ಕಾರಣ ಈಗ ಅದಲ್ಲ. ಈ ಮಣ್ಣಿನಲ್ಲಿ ಹುಟ್ಟಿದ ಮರಗಳ ಹೆಸರು, ಬೀಜ, ಕಾಲ ಇವು ನಮ್ಮ ಕೈತಪ್ಪಿ ಹೋಗುತ್ತಿವೆ. ಅವನ್ನು ಕೈಯಾರೆ ಮತ್ತೆ ಕಲಿಯಬೇಕೆಂಬುದೇ ನನ್ನ ಆಸೆ.

ಕಲಿಕೆ ಸೋಲಿನಿಂದಲೇ ಶುರುವಾಯಿತು. ಮೊದಲ ವರ್ಷ, 2019ರಲ್ಲಿ, ನಾವು ಜುಲೈ ಮೊದಲ ವಾರದಲ್ಲಿ 140 ಸಸಿಗಳನ್ನು ನೆಟ್ಟೆವು. ಕೆ. ಎಂ. ಮುನ್ಷಿಯವರು 1950ರಲ್ಲಿ ಆರಂಭಿಸಿದ ವನಮಹೋತ್ಸವ ನಡೆಯುವುದು ಅದೇ ವಾರದಲ್ಲಿ, ಶಾಲೆಯಲ್ಲಿ ಓದುವಾಗ ನಾವು ಗಿಡ ನೆಟ್ಟದ್ದೂ ಅದೇ ವಾರದಲ್ಲಿ, ಆದ್ದರಿಂದ ಬೇರೆ ಯೋಚನೆಯೇ ಬರಲಿಲ್ಲ. ದೇಶದ ಬಹುಭಾಗಕ್ಕೆ ಆ ಕಾಲ ಸರಿಯೇ ಇರಬಹುದು. ಆದರೆ ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ, ಅದರಲ್ಲಿ ದೊಡ್ಡ ಪಾಲು ಜುಲೈ, ಆಗಸ್ಟ್‌ನಲ್ಲೇ ಸುರಿಯುತ್ತದೆ. ನಾವು ಅಚ್ಚುಕಟ್ಟಾಗಿ ತೋಡಿದ ಒಂದೂವರೆ ಅಡಿಯ ಗುಂಡಿಗಳೆಲ್ಲ ನೀರು ತುಂಬಿದ ಬಟ್ಟಲುಗಳಾದವು. ಸಸಿಗಳ ಬುಡ ಕೊಳೆಯಿತು, ಎಲೆ ಹಳದಿಯಾಗಿ ಉದುರಿತು. ಸೆಪ್ಟೆಂಬರಿನಲ್ಲಿ ಎಣಿಸಿದಾಗ ಉಳಿದದ್ದು 52.

ಆ ವಿಷಯವನ್ನು ಹೇಳಿಕೊಂಡಾಗ ನಮ್ಮ ತಂದೆ ಕೇಳಿದ ಪ್ರಶ್ನೆ ಒಂದೇ: ಹೊಸ ಕಾಫಿ ಗಿಡವನ್ನು ನಾವು ಜುಲೈಯಲ್ಲಿ ನೆಡುತ್ತೇವೆಯೇ? ಮಳೆ ಜೋರಾಗಿರುವ ಕಡೆ ಬೆಳೆಗಾರರು ಸಸಿಯನ್ನು ಭಾರೀ ಮಳೆ ಇಳಿದ ಮೇಲೆ, ಸೆಪ್ಟೆಂಬರಿನಲ್ಲಿ ನೆಡುತ್ತಾರೆ. ಬಸಿಗಾಲುವೆ ಮೊದಲೇ ತೆಗೆದಿರುತ್ತಾರೆ. ಬುಡಕ್ಕೆ ತರಗೆಲೆ ಹೊದಿಸಿ ಬೇಸಿಗೆಗೆ ತಯಾರು ಮಾಡುತ್ತಾರೆ. ಹುಟ್ಟಿದಾಗಿನಿಂದ ಕಣ್ಣೆದುರು ನಡೆಯುತ್ತಿದ್ದ ಈ ಕೆಲಸ, ಉದ್ಯಾನದಲ್ಲಿ ಗಿಡ ನೆಡುವಾಗ ನನ್ನ ನೆನಪಿಗೇ ಬಂದಿರಲಿಲ್ಲ. ಗಿಡ ನೆಡುವುದೆಂದರೆ ಒಂದು ಸಮಾರಂಭ, ತೋಟದ ಕೆಲಸವೆಂದರೆ ಬೇರೆ ಎಂದು ನನ್ನ ಮನಸ್ಸು ಎರಡನ್ನೂ ಪ್ರತ್ಯೇಕ ಇಟ್ಟಿತ್ತು. ಮರುವರ್ಷದಿಂದ ನಾವು ಗುಂಡಿಯ ಕೆಳಬದಿಯಲ್ಲಿ ನೀರು ಹೊರಹೋಗಲು ಸೀಳು ಬಿಟ್ಟು, ಸೆಪ್ಟೆಂಬರಿನ ಎರಡನೆಯ ವಾರದ ನಂತರವೇ ನೆಡುತ್ತಿದ್ದೇವೆ.

ನೆಡುವ ಕಾಲಕ್ಕಿಂತಲೂ ದೊಡ್ಡ ಪಾಠ ಬೀಜದ ಕಾಲದ್ದು. ಭತ್ತ, ರಾಗಿ, ಹುರುಳಿಯ ಬೀಜವನ್ನು ಒಣಗಿಸಿ ಡಬ್ಬಿಯಲ್ಲಿ ಹಾಕಿಟ್ಟರೆ ಮುಂದಿನ ವರ್ಷಕ್ಕೂ ಮೊಳೆಯುತ್ತದೆ. ಬೀಜವೆಂದರೆ ಹಾಗೆಯೇ ಎಂದು ನಾವು ತಿಳಿದಿದ್ದೆವು. ಮಳೆಕಾಡಿನ ಬಹಳಷ್ಟು ಮರಗಳ ಬೀಜದ ಸ್ವಭಾವ ಇದಕ್ಕೆ ತೀರ ವಿರುದ್ಧವಾದದ್ದು. ಸಾಲುಧೂಪ, ಹಲಸು, ಹೆಬ್ಬಲಸು, ನೇರಳೆ ಇವುಗಳ ಬೀಜ ಹಸಿಯಾಗಿ ಬಿದ್ದು, ಹಸಿಯಾಗಿಯೇ ಮೊಳೆಯಬೇಕು. ಒಣಗಿದರೆ ಒಳಗಿನ ಜೀವ ಸತ್ತುಹೋಗುತ್ತದೆ. ಬಿದ್ದ ಕೂಡಲೇ ಒದ್ದೆ ಮಣ್ಣು ಸಿಗುವ ಕಾಡಿನಲ್ಲಿ ಸಾವಿರಾರು ವರ್ಷ ಬದುಕಿದ ಮರಕ್ಕೆ ಕಾಯುವ ಬೀಜ ಬೇಕಾಗಿರಲಿಲ್ಲ. ನಮ್ಮ ಕಡೆ ಮಕ್ಕಳಿಂದ ಬೀಜದುಂಡೆ ಮಾಡಿಸಿ, ಬಿಸಿಲಿಗೆ ಒಣಗಿಸಿ, ಮಳೆಗಾಲದಲ್ಲಿ ಎಸೆಯುವ ಕಾರ್ಯಕ್ರಮ ಜನಪ್ರಿಯವಾಗಿದೆ. ಒಣಬೀಜದ ಮರಗಳಿಗೆ ಅದು ನಡೆದೀತು. ಹಲಸಿನ ಬೀಜವನ್ನೋ ಧೂಪದ ಬೀಜವನ್ನೋ ಮಣ್ಣಿನುಂಡೆಯೊಳಗಿಟ್ಟು ಎರಡು ವಾರ ಬಿಸಿಲಿಗೆ ಒಣಗಿಸಿದರೆ, ನಾವು ಎಸೆಯುವುದು ಬೀಜದ ಶವವನ್ನು. ಈ ಮಾತನ್ನು ಹೇಳಿದಾಗ ಒಬ್ಬ ಶಿಕ್ಷಕಿ ಬೇಸರಪಟ್ಟುಕೊಂಡರು. ಆದರೆ ಮರುವರ್ಷ ಅವರೇ ತಮ್ಮ ತರಗತಿಯ ಮಕ್ಕಳಿಂದ, ತಿಂದ ಹಲಸಿನ ಬೀಜವನ್ನು ಅದೇ ದಿನ ಹಾಲಿನ ಪ್ಯಾಕೆಟ್ಟಿನ ಮಣ್ಣಿಗೆ ಊರಿಸಿದರು. ಆ ಮಕ್ಕಳ 11 ಗಿಡಗಳು ಈಗ ನಮ್ಮ ಉದ್ಯಾನದ ಮೇಲಂಚಿನಲ್ಲಿವೆ.

ಹೀಗೆ ನನ್ನ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಮೆಲ್ಲಮೆಲ್ಲನೆ ಬೇರೆ ಬರಹಗಳು ಸೇರಿಕೊಂಡವು. ವರ್ಷದ ಆರಂಭದ ಒಣ ತಿಂಗಳುಗಳಲ್ಲಿ ಹೊನ್ನೆಯ ದುಂಡನೆಯ ರೆಕ್ಕೆಬೀಜ ಮತ್ತು ನಂದಿಯ ಹಗುರವಾದ ಬೀಜ. ಮೇ, ಜೂನ್‌ನಲ್ಲಿ ನೇರಳೆ, ಹಲಸು, ಹೆಬ್ಬಲಸು. ಜೂನ್‌ನಲ್ಲಿ ಸಾಲುಧೂಪ. ಆಗಸ್ಟ್ ಕಳೆಯುತ್ತಿದ್ದಂತೆ ಸಂಪಿಗೆ. ಸಂಪಿಗೆಯ ಬೀಜಕ್ಕೆ ಕೆಂಪು ತಿರುಳಿನ ಹೊದಿಕೆಯಿರುತ್ತದೆ. ಅದನ್ನು ಬೂದಿಯಲ್ಲಿ ಉಜ್ಜಿ ತೊಳೆದು ಒಂದೆರಡು ವಾರದೊಳಗೆ ಒದ್ದೆ ಮರಳಿಗೆ ಹಾಕದಿದ್ದರೆ ಬೀಜದ ಎಣ್ಣೆಯಂಶ ಕೆಟ್ಟು ಅದು ಮೊಳೆಯುವುದಿಲ್ಲ. ಪಿಕಳಾರ, ಕುಟ್ರುಹಕ್ಕಿಗಳಿಗೆ ಆ ಕೆಂಪು ತಿರುಳು ಬಹಳ ಇಷ್ಟ, ಆದ್ದರಿಂದ ನಮಗಿಂತ ಮೊದಲು ಅವು ಮರದಲ್ಲಿರುತ್ತವೆ. ನೇರಳೆಯ ವಿಷಯದಲ್ಲಿ ಒಂದು ಸಂತೋಷವಿದೆ: ಒಂದು ಬೀಜ ಊರಿದರೆ ಎರಡು ಮೂರು ಮೊಳಕೆ ಬರುವುದುಂಟು, ಏಕೆಂದರೆ ಅದರೊಳಗೆ ಒಂದಕ್ಕಿಂತ ಹೆಚ್ಚು ಭ್ರೂಣಗಳಿರುತ್ತವೆ. ಮೊದಲ ಸಲ ಒಂದೇ ಚೀಲದಲ್ಲಿ ಮೂರು ಕುಡಿ ನೋಡಿದಾಗ ಯಾರೋ ಮಕ್ಕಳು ಹೆಚ್ಚು ಬೀಜ ಹಾಕಿದ್ದಾರೆಂದು ತಿಳಿದು, ಮಣ್ಣು ಬಿಡಿಸಿ ನೋಡಿದ್ದೆ.

ನಮ್ಮ ಗುಂಪಿನಲ್ಲಿ ಯರವ ಸಮುದಾಯದ ಒಬ್ಬ ಹಿರಿಯ ಹೆಂಗಸು ಇದ್ದಾರೆ. ತೋಟದ ಕೆಲಸದಿಂದ ನಿವೃತ್ತರಾಗಿ ಮಗಳ ಮನೆಯಲ್ಲಿ, ನಮ್ಮ ಉದ್ಯಾನದ ಪಕ್ಕದಲ್ಲೇ ಇರುತ್ತಾರೆ. ಪುಸ್ತಕ ನೋಡಿ, ಫೋಟೋ ನೋಡಿ ನಾವು ಅರ್ಧ ತಾಸು ಚರ್ಚಿಸುವ ಸಸಿಯನ್ನು ಅವರು ಎಲೆಯ ತೊಟ್ಟು ಚಿವುಟಿ ಗುರುತಿಸುತ್ತಾರೆ. ಒಮ್ಮೆ ನಾನು ಯಾವುದೋ ಕಳೆಯೆಂದು ಕೀಳಹೊರಟಿದ್ದ ಗಿಡದ ತೊಟ್ಟನ್ನು ಅವರು ಮುರಿದು ತೋರಿಸಿದರು. ಸೂಜಿಮೊನೆಯಷ್ಟು ಹಳದಿ ಹಾಲು ಒಸರಿತು. ಅದು ಉಪ್ಪಾಗೆಯ ಜಾತಿಯದು, ನಮ್ಮ ಅಡುಗೆಮನೆಯ ಕಾಚಂಪುಳಿ ಇಳಿಸುವ ಹಣ್ಣಿನ ಗಿಡ. ಹಂದಿಮಾಂಸದ ಸಾರಿಗೆ ವರ್ಷವಿಡೀ ಆ ಕಪ್ಪು ಹುಳಿಯನ್ನು ಹನಿಸುವ ನನಗೆ ಅದರ ಗಿಡ ನೋಡಿದರೆ ತಿಳಿಯುತ್ತಿರಲಿಲ್ಲ ಎಂಬುದನ್ನು ಬರೆಯುವಾಗಲೂ ಸಂಕಟವಾಗುತ್ತದೆ. ನಮ್ಮ ಕೆಲಸಕ್ಕೆ ಯಾರಾದರೂ ಗೌರವ ಸಲ್ಲಿಸುವುದಾದರೆ ಮೊದಲು ಅವರಿಗೆ ಸಲ್ಲಿಸಬೇಕು. ಅವರ ತಿಳಿವಳಿಕೆಗೆ ತೋಟಗಳು ಐವತ್ತು ವರ್ಷ ದಿನಗೂಲಿಯ ಬೆಲೆಯನ್ನೇ ಕೊಟ್ಟವು.

ಸ್ಥಳೀಯ ಜಾತಿ ಎಂಬ ಮಾತನ್ನು ನಾವು ಬಹಳ ಸಡಿಲವಾಗಿ ಬಳಸುತ್ತೇವೆ. ಭಾರತದ್ದು ಎಂದರೆ ಸ್ಥಳೀಯ, ಕರ್ನಾಟಕದ್ದು ಎಂದರೆ ಇನ್ನೂ ಸ್ಥಳೀಯ ಎಂದುಕೊಳ್ಳುತ್ತೇವೆ. ಮರಕ್ಕೆ ರಾಜ್ಯದ ಗಡಿಯಾಗಲಿ ಜಿಲ್ಲೆಯ ಗಡಿಯಾಗಲಿ ಗೊತ್ತಿಲ್ಲ. ಅದಕ್ಕೆ ತಿಳಿದಿರುವುದು ಮಳೆ, ಎತ್ತರ, ಗಾಳಿ, ಮಣ್ಣು. ಮಡಿಕೇರಿಯಿಂದ ಕುಶಾಲನಗರಕ್ಕೆ ಸುಮಾರು 30 ಕಿಲೋಮೀಟರ್. ಬಸ್ಸಿನಲ್ಲಿ ಒಂದು ತಾಸಿನೊಳಗೆ ಇಳಿದುಬಿಡಬಹುದು. ಆ ಒಂದು ತಾಸಿನಲ್ಲಿ ಹಸಿರುಕಾಡು ಹಿಂದೆ ಬಿದ್ದು, ಬೇಸಿಗೆಯಲ್ಲಿ ಎಲೆ ಉದುರಿಸುವ ಮತ್ತಿ, ದಿಂಡಿಲು, ತೇಗ, ಬಿದಿರಿನ ಸೀಮೆ ಬಂದಿರುತ್ತದೆ. ಕುಶಾಲನಗರದ ಉದ್ಯಾನದಲ್ಲಿ ಧೂಪ ನೆಟ್ಟರೆ ಅದಕ್ಕೆ ಮಾರ್ಚ್ ತಿಂಗಳು ದಾಟುವುದೇ ಕಷ್ಟ; ದಿಂಡಿಲನ್ನು ಮಡಿಕೇರಿಯ ಜುಲೈ ಮಳೆಯಲ್ಲಿ ನಿಲ್ಲಿಸುವುದೂ ಅಷ್ಟೇ ಅನ್ಯಾಯ. ಎರಡೂ ಕೊಡಗಿನವೇ. ಕುಶಾಲನಗರದ ಗೆಳೆಯರೊಬ್ಬರು ನಮ್ಮಿಂದ ಧೂಪದ ಸಸಿ ಕೇಳಿದಾಗ ಕೊಡಲಾರೆವೆಂದು ಹೇಳಿ, ಅವರದೇ ಊರಿನ ಹೊಳೆದಂಡೆಯ ಅತ್ತಿ, ಹೊಳೆಮತ್ತಿಗಳ ಬೀಜ ನೋಡಿಕೊಳ್ಳಲು ಕೇಳಿಕೊಂಡೆವು. ನಿಜ ಹೇಳಬೇಕೆಂದರೆ, ಮಡಿಕೇರಿಯ ಎತ್ತರದ ಚಳಿಗಾಳಿಗೂ ಸಾಲುಧೂಪ ಪೂರ್ತಿ ಒಗ್ಗೀತೇ ಎಂಬ ಅನುಮಾನ ನನಗೆ ಇದ್ದೇ ಇದೆ. ಭಾಗಮಂಡಲದ ಕಡೆಯ ಬೀಜ ಅದು, ನಾವಿರುವುದು ಅದಕ್ಕಿಂತ ಎತ್ತರದಲ್ಲಿ. ಆದ್ದರಿಂದ ಅವನ್ನು ಉದ್ಯಾನದ ತೀರ ಕೆಳಗಿನ ಮೂಲೆಯಲ್ಲಿ, ಗಾಳಿ ತಾಗದ ಕಡೆ ಇಟ್ಟಿದ್ದೇವೆ. ಆರು ಗಿಡ ಬದುಕಿವೆ. ಬಹಳ ನಿಧಾನ.

ಬೆಟ್ಟದ ಮೇಲಿನ ಹುಲ್ಲುಗಾವಲಿನ ಮಾತೂ ಇಲ್ಲೇ ಬರುತ್ತದೆ. ಮಾಂದಲ್‌ಪಟ್ಟಿಯಂಥ ಬೋಳುಬೆಟ್ಟಗಳಲ್ಲಿ ಸಾವಿರ ಗಿಡ ನೆಡೋಣವೆಂದು ಉತ್ಸಾಹದಿಂದ ಬಂದವರಿದ್ದಾರೆ. ಅಲ್ಲಿನ ಹುಲ್ಲು, ಕಾಡನ್ನು ಕಡಿದದ್ದರಿಂದ ಆದ ಗಾಯವಲ್ಲ. ಅದು ಆ ಎತ್ತರದ, ಆ ಗಾಳಿಯ ಸಹಜ ಹೊದಿಕೆ. ಮಳೆಯನ್ನು ಹೀರಿ ಕೆಳಗಿನ ತೊರೆಗಳಿಗೆ ಬೇಸಿಗೆಯವರೆಗೂ ಬಿಟ್ಟುಕೊಡುವ ಕೆಲಸ ಮಾಡುವುದು ಆ ಹುಲ್ಲು ಮತ್ತು ಅದರ ಸಂದಿಗಳಲ್ಲಿರುವ, ಕುಳ್ಳುಮರಗಳ ಶೋಲಾಕಾಡು. ಅಲ್ಲಿ ಗುಂಡಿ ತೋಡುವುದನ್ನು ನಾವು ಒಪ್ಪಲಿಲ್ಲ, ಮುಂದೆಯೂ ಒಪ್ಪುವುದಿಲ್ಲ.

ಇನ್ನು ಕಳೆಯ ವಿಷಯ. ಗಿಡ ನೆಡುವ ದಿನ ಐವತ್ತು ಜನ ಬರುತ್ತಾರೆ. ಕಳೆ ಕೀಳುವ ದಿನ ಐದು ಜನ. ಲಂಟಾನ, ಕಮ್ಯುನಿಸ್ಟ್ ಗಿಡ, ಮೈಕೇನಿಯಾ ಬಳ್ಳಿ ಇವು ಮೂರನ್ನೂ ನಾವು ಆರು ವರ್ಷದಿಂದ ಕೀಳುತ್ತಿದ್ದೇವೆ, ಇನ್ನೂ ಮುಗಿದಿಲ್ಲ. ಅಮೆರಿಕಾ ಖಂಡದ ಲಂಟಾನ 19ನೇ ಶತಮಾನದ ಆರಂಭದಲ್ಲಿ ಭಾರತಕ್ಕೆ ಬಂದದ್ದು ಉದ್ಯಾನದ ಅಲಂಕಾರಕ್ಕೆ. ಇಂದು ನಾಗರಹೊಳೆ, ಬಂಡೀಪುರದ ಕಾಡಿನ ನೆಲವನ್ನು ಅದು ಆವರಿಸಿರುವುದನ್ನು ನೋಡಿದವರಿಗೆ, ಒಂದು ಉದ್ಯಾನದಲ್ಲಿ ನಾವು ಇಂದು ಏನು ನೆಡುತ್ತೇವೆ ಎಂಬುದು ಆ ಉದ್ಯಾನದ ಬೇಲಿಯೊಳಗೆ ಮುಗಿಯುವ ವಿಷಯವಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಮೈಕೇನಿಯಾ ಕಿತ್ತಷ್ಟೂ ಗಿಣ್ಣುಗಿಣ್ಣಿನಲ್ಲಿ ಬೇರು ಬಿಡುತ್ತದೆ. ಕಿತ್ತ ಬಳ್ಳಿಯನ್ನು ನೆಲದ ಮೇಲೆ ಬಿಟ್ಟರೆ ಮತ್ತೆ ಚಿಗುರುವುದರಿಂದ ಅದನ್ನು ಕಲ್ಲಿನ ಮೇಲೆ ಹರಡಿ ಒಣಗಿಸಬೇಕು, ಮಳೆಗಾಲದಲ್ಲಿ ಅದೂ ಸಾಧ್ಯವಿಲ್ಲ.

ಮೂರನೆಯ ವರ್ಷದಲ್ಲಿ ನಡೆದದ್ದನ್ನು ಬರೆಯದೆ ಇರಲಾರೆ. ಒಂದು ಸೋಮವಾರ ಸಂಜೆ ಹೋದಾಗ ಉದ್ಯಾನದ ಹುಲ್ಲನ್ನೆಲ್ಲ ಯಂತ್ರದಿಂದ ಕತ್ತರಿಸಿದ್ದರು; ಹುಲ್ಲಿನೊಂದಿಗೆ ಮೊಣಕಾಲೆತ್ತರಕ್ಕೆ ಬಂದಿದ್ದ 37 ಸಸಿಗಳೂ ಹೋಗಿದ್ದವು. ಕೆಲವುಗಳ ಬುಡದ ಸಿಪ್ಪೆ ಸುತ್ತಲೂ ಸುಲಿದಿತ್ತು. ಅಲ್ಲಿಯೇ ಕುಳಿತು ಅತ್ತೆ. ಮರುದಿನ ಆ ಕೆಲಸ ಮಾಡಿದ ಯುವಕನನ್ನು ಹುಡುಕಿಕೊಂಡು ಹೋದಾಗ ತಿಳಿದದ್ದಿಷ್ಟು: ಉದ್ಯಾನ ಸ್ವಚ್ಛವಾಗಿರಬೇಕೆಂದು ಗುತ್ತಿಗೆದಾರರು ಹೇಳಿದ್ದರು, ಅದರಲ್ಲಿ ಗಿಡಗಳಿವೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ. ನಾವೂ ಹೇಳಿರಲಿಲ್ಲ. ಮೂರು ವರ್ಷ ಪ್ರತಿ ಭಾನುವಾರ ಅಲ್ಲಿ ಕೆಲಸ ಮಾಡಿದ್ದ ನಾವು, ವಾರದ ಉಳಿದ ದಿನ ಅಲ್ಲಿ ಕೆಲಸ ಮಾಡುವ ವ್ಯಕ್ತಿಯೊಡನೆ ಒಮ್ಮೆಯೂ ಮಾತಾಡಿರಲಿಲ್ಲ. ಅಂದಿನಿಂದ ಪ್ರತಿ ಸಸಿಗೆ ಸುಣ್ಣ ಬಳಿದ ಬಿದಿರಿನ ಗೂಟ ಇದೆ, ಅದರ ಸುತ್ತ ಒಂದು ಮಾರು ಹುಲ್ಲನ್ನು ಕೈಯಿಂದಲೇ ತೆಗೆಯಬೇಕೆಂಬ ಒಪ್ಪಂದವಿದೆ. ಆ ಯುವಕ ಈಗ ನಮಗಿಂತ ಚೆನ್ನಾಗಿ ಲೆಕ್ಕ ಇಟ್ಟಿದ್ದಾನೆ. ಯಾವ ಗಿಡಕ್ಕೆ ಹುಳು ಬಿದ್ದಿದೆ, ಯಾವುದು ಈ ವಾರ ಚಿಗುರಿದೆ ಎಂಬುದನ್ನು ಅವನೇ ಫೋನ್ ಮಾಡಿ ತಿಳಿಸುತ್ತಾನೆ. ಬುಡದಿಂದ ಕತ್ತರಿಸಿಹೋದ ನಂದಿಯ ಗಿಡಗಳಲ್ಲಿ ಹೆಚ್ಚಿನವು ಮತ್ತೆ ಚಿಗುರಿದವು. ಸಂಪಿಗೆ ಚಿಗುರಲಿಲ್ಲ.

ತರಗೆಲೆಯ ಬಗ್ಗೆ ಬಡಾವಣೆಯ ಜನರನ್ನು ಒಪ್ಪಿಸುವುದು ಇನ್ನೂ ಕಷ್ಟವಾಯಿತು. ಗುಡಿಸಿ, ರಾಶಿಹಾಕಿ, ಬೆಂಕಿ ಕೊಡುವುದು ಇಲ್ಲಿನ ರೂಢಿ. ಎಲೆ ಹಾಗೆಯೇ ಬಿಟ್ಟರೆ ಹಾವು ಬರುತ್ತದೆ, ಜಿಗಣೆ ಹೆಚ್ಚುತ್ತದೆ ಎಂದು ತಾಯಂದಿರು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಮಳೆಗಾಲದಲ್ಲಿ ಮಗುವಿನ ಕಾಲಿನಿಂದ ಜಿಗಣೆ ಬಿಡಿಸಿದವರಿಗೆ ಮಣ್ಣಿನ ಆರೋಗ್ಯದ ಪಾಠ ಹೇಳಲಾಗುವುದಿಲ್ಲ. ಆಟದ ಜಾಗ ಮತ್ತು ಕಾಲುದಾರಿಯನ್ನು ಚೊಕ್ಕವಾಗಿಟ್ಟು, ಗುಡಿಸಿದ ಎಲೆಯನ್ನು ಗಿಡಗಳಿರುವ ಭಾಗಕ್ಕೆ ಹಾಕುವುದೆಂದು ತೀರ್ಮಾನವಾಯಿತು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಆ ಭಾಗದ ಮಣ್ಣು ಬೆರಳಿನಿಂದ ಕೆದಕಿದರೂ ಪುಡಿಯಾಗುವಂತಾಗಿತ್ತು. ನಾವು ನೆಡದ ಉಪ್ಪಳಿಗೆ ಗಿಡಗಳು ತಾವಾಗಿಯೇ ಅಲ್ಲಿ ಎದ್ದವು. ದುಂಡನೆಯ ಅಗಲವಾದ ಎಲೆಯ ಈ ಮರ ಬಿಸಿಲು ಬಿದ್ದ ಜಾಗವನ್ನು ಮೊದಲು ಹಿಡಿದುಕೊಳ್ಳುತ್ತದೆ, ಬೇಗ ಬೆಳೆಯುತ್ತದೆ. ಧೂಪ, ಕರಿಧೂಪದಂಥ ಕಾಡಿನ ಒಳಗಿನ ಗಿಡಗಳಿಗೆ ಎಳವೆಯಲ್ಲಿ ನೆರಳು ಬೇಕೇಬೇಕು. ಬಯಲಿನಲ್ಲಿಟ್ಟರೆ ಎಲೆಯಂಚು ಸುಟ್ಟುಹೋಗುತ್ತದೆ. ಕಾಫಿಗೆ ಮೊದಲು ತಾತ್ಕಾಲಿಕ ನೆರಳು, ಆಮೇಲೆ ಶಾಶ್ವತ ನೆರಳು ಎಂದು ಬೆಳೆಗಾರರು ಹೇಳುವುದನ್ನೇ ಆ ಉಪ್ಪಳಿಗೆಗಳು ನಮಗಾಗಿ ಮಾಡಿಕೊಟ್ಟವು. ಹಳೆಯ ಸಿಲ್ವರ್ ಓಕ್ ಮತ್ತು ಗುಲ್‌ಮೊಹರನ್ನೂ ನಾವು ಕಡಿಯಲಿಲ್ಲ, ಅವುಗಳ ನೆರಳಿನಲ್ಲೇ ನಮ್ಮ ಅರ್ಧ ಸಸಿಗಳು ಬೆಳೆದವು. ಕರಿಧೂಪದ ಎಳೆಯೆಲೆ ಬಂದಾಗ ಎಂಥ ಕೆಂಪು ಎಂಬುದನ್ನು ಆ ನೆರಳಿನಲ್ಲೇ ನೋಡಬೇಕು.

ಬೇಲಿಗೆ ಡ್ಯುರಾಂಟಾದ ಬದಲು ಕೇಪಳ ಮತ್ತು ಬಿಳಿಯೆಲೆಯ ಬೆಳ್ಳಟ್ಟಿ ಹಾಕಿದೆವು. ಒಂದು ಮೂಲೆಯಲ್ಲಿ ಈಶ್ವರಿಬಳ್ಳಿಯನ್ನು ಹಬ್ಬಿಸಿದೆವು. ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಮೊಟ್ಟೆಯಿಡುವುದು ಈ ಬಳ್ಳಿಯ ಕುಟುಂಬದ ಗಿಡಗಳ ಮೇಲೆ ಮಾತ್ರ. ಅದರ ಮರಿಹುಳು ಬೇರೆ ಎಲೆ ತಿನ್ನುವುದಿಲ್ಲ. ಚಿಟ್ಟೆಗಳು ಹೂ ನೋಡಿ ಬರುತ್ತವೆಂದು ಉದ್ಯಾನಗಳಲ್ಲಿ ಬಣ್ಣಬಣ್ಣದ ಹೂಗಿಡ ಹಾಕುತ್ತಾರೆ. ಹೂವಿಗೆ ಬಂದ ಚಿಟ್ಟೆ ಮಕರಂದ ಕುಡಿದು ಹೊರಟುಹೋಗುತ್ತದೆ. ಅದು ನಿಲ್ಲಬೇಕಾದರೆ ಮರಿಗೆ ಸೊಪ್ಪು ಬೇಕು. ನಾಲ್ಕನೆಯ ವರ್ಷದ ಅಕ್ಟೋಬರಿನಲ್ಲಿ ಬಳ್ಳಿಯ ಅರ್ಧ ಎಲೆಗಳು ಖಾಲಿಯಾಗಿದ್ದವು. ಯಾರೋ ಔಷಧಿ ಹೊಡೆಯಬೇಕೆಂದರು. ಎಲೆ ಎತ್ತಿ ನೋಡಿದರೆ ಕಡುಗೆಂಪು ಮೈಯ, ಮೈತುಂಬ ಮೆತ್ತನೆಯ ಮುಳ್ಳಿನಂಥ ಗುಬುಟುಗಳಿರುವ, ನಡುವೆ ಒಂದು ಬಿಳಿಪಟ್ಟೆಯ ದೊಡ್ಡ ಹುಳು. ಅಂದು ಬೆಳಿಗ್ಗೆ ಕಳೆ ಕೀಳುವ ಕೆಲಸ ಅಲ್ಲಿಗೇ ನಿಂತಿತು. ಬಡಾವಣೆಯ ಮಕ್ಕಳೆಲ್ಲ ಒಬ್ಬರ ಹಿಂದೆ ಒಬ್ಬರು ಬಂದು ನೋಡಿದರು.

ಮರಗಳ ಅಡಿಯಲ್ಲಿ, ತರಗೆಲೆ ಕೊಳೆತು ಮೆತ್ತಗಾದ ನೆರಳಿನಲ್ಲಿ, ಮೂರು ವರ್ಷದ ಹಿಂದೆ ನಾವು ಮದ್ದುಸೊಪ್ಪಿನ ಕಡ್ಡಿಗಳನ್ನು ಊರಿದ್ದೆವು. ಕೊಡವರ ಪಂಚಾಂಗದ ಕಕ್ಕಡ ತಿಂಗಳ 18ನೆಯ ದಿನ, ಅಂದರೆ ಆಗಸ್ಟ್ 3ರಂದು, ಈ ಸೊಪ್ಪಿನಲ್ಲಿ 18 ಬಗೆಯ ಔಷಧಿಗಳು ಸೇರಿರುತ್ತವೆಂಬ ನಂಬಿಕೆಯಿಂದ ಕೊಡಗಿನ ಮನೆಮನೆಯಲ್ಲಿ ಅದನ್ನು ಕುದಿಸಿ, ಕಡುನೇರಳೆ ಬಣ್ಣದ ರಸ ತೆಗೆದು ಪಾಯಸ ಮಾಡುತ್ತಾರೆ. ನಾನು ಚಿಕ್ಕವಳಿದ್ದಾಗ ಅಜ್ಜಿ ಮನೆಯ ಹಿಂದಿನ ಕಾಡಂಚಿನಿಂದಲೇ ಒಂದು ಹೊರೆ ತರುತ್ತಿದ್ದಳು. ಈಗ ಆಗಸ್ಟ್ 2ರಂದು ಮಡಿಕೇರಿಯ ಮಾರುಕಟ್ಟೆಯಲ್ಲಿ ಕಟ್ಟಿಗೆ ಇಷ್ಟೆಂದು ಕೊಳ್ಳುತ್ತೇವೆ.

ಕಳೆದ ವರ್ಷ ಆ ದಿನ ಮಳೆ ಎಡೆಬಿಡದೆ ಸುರಿಯುತ್ತಿತ್ತು. ಸಂಜೆ ಕೊಡೆ ಹಿಡಿದು, ನಮ್ಮ ಮನೆಗೆ ಬೇಕಾದಷ್ಟು ಕೊಯ್ದುಕೊಳ್ಳೋಣವೆಂದು ಉದ್ಯಾನಕ್ಕೆ ಹೋದೆ. ನನಗಿಂತ ಮೊದಲು ಯಾರೋ ಬಂದು ಹೋಗಿದ್ದರು. ಒಂದು ಸಾಲಿನ ಗಿಡಗಳನ್ನೆಲ್ಲ ಹರಿತವಾದ ಕತ್ತಿಯಿಂದ, ನೆಲದಿಂದ ಒಂದು ಗೇಣು ಮೇಲಕ್ಕೆ, ಗಿಣ್ಣು ಉಳಿಯುವಂತೆ ಓರೆಯಾಗಿ ಕತ್ತರಿಸಿದ್ದರು. ಕೊಯ್ದ ಜಾಗದಲ್ಲಿ ತರಗೆಲೆಯನ್ನು ಮತ್ತೆ ಬುಡಕ್ಕೆ ಸರಿಸಿಟ್ಟಿದ್ದರು. ಇನ್ನೊಂದು ಸಾಲನ್ನು ಮುಟ್ಟಿರಲಿಲ್ಲ. ಕತ್ತರಿಸಿದ ತುದಿಗಳಲ್ಲಿ ಇನ್ನೂ ಸೊಪ್ಪಿನ ಪರಿಮಳವಿತ್ತು. ನಾನು ಉಳಿದ ಸಾಲಿನಿಂದ ಒಂದು ಹಿಡಿ ಕೊಯ್ದೆ, ಅವರು ಕೊಯ್ದಷ್ಟೇ ಎತ್ತರಕ್ಕೆ, ಹಾಗೆಯೇ ಓರೆಯಾಗಿ. ಎರಡು ವಾರದ ನಂತರ ಬಂದಾಗ ಎರಡೂ ಸಾಲುಗಳ ಗಿಣ್ಣುಗಳಲ್ಲಿ ಚಿಗುರು ಬಂದಿತ್ತು.